ಗಂಟೆಗೆ ಇಪ್ಪತ್ತು ಮೈಲಿ

ಹೆಗ್ಗಡದೇವನಕೋಟೆಯ ಮಿಡ್ಲ್ ಸ್ಕೂಲಿನಲ್ಲಿ ನಾನು ಮೇಷ್ಟರಾಗಿದ್ದ ವರ್ಷಗಳಲ್ಲಿ ಹುಣಸೂರಿಗೆ ಹೋಗಿಬಂದದ್ದೆಲ್ಲ ಒಬ್ಬರೇ ಡ್ರೈವರು ಓಡಿಸುತ್ತಿದ್ದ ಬಸ್ಸಿನಲ್ಲಿ. ಹುಣಸೂರಿನ ಸಾಬರ ಬೀದಿಯವರು. ಅವರ ತಂದೆ ಎತ್ತಿನ ಗಾಡಿಯ ಚಕ್ರ ಮಾಡುವುದರಲ್ಲಿ ಹೆಸರಾದವರು. ಮಗ ಚಕ್ರ ಮಾಡುವುದನ್ನು ಬಿಟ್ಟು ಚಕ್ರ ಓಡಿಸುವುದಕ್ಕೆ ಹೋದ ಎಂದು ಆ ಬೀದಿಯವರು ತಮಾಷೆ ಮಾಡುತ್ತಿದ್ದರಂತೆ. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು.

ಬಸ್ಸಿನ ಹಿಂದೆ ಬಿಳಿ ಬಣ್ಣದಲ್ಲಿ ಬರೆದಿತ್ತು: ಗಂಟೆಗೆ ಇಪ್ಪತ್ತು ಮೈಲಿ. ಅದು ಸರ್ಕಾರದ ಕಟ್ಟಳೆ. ಉಳಿದ ಡ್ರೈವರುಗಳು ಪೊಲೀಸು ಕಂಡಾಗ ಮಾತ್ರ ಅದನ್ನು ನೆನೆಯುತ್ತಿದ್ದರು. ಭಾಯಿ ದಿನವೂ ಅದರಂತೆಯೇ ಓಡಿಸುತ್ತಿದ್ದರು. ಬಸ್ಸಿನ ವೇಗದ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು, ಆದರೂ ಅವರಿಗೆ ಇಂಜಿನಿನ ಸದ್ದೇ ಸಾಕಾಗುತ್ತಿತ್ತು. ನಾನು ಡ್ರೈವರ ಪಕ್ಕದ ಸೀಟಿನಲ್ಲಿ ಕೂತು ಜೇಬಿನ ಗಡಿಯಾರ ಹಿಡಿದು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ. ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಸರಿಯಾಗಿ ಮೂರು ನಿಮಿಷ. ಸೋಮವಾರ ಶಾಲೆಗೆ ಹೋಗಿ ಅದನ್ನೇ ಹುಡುಗರಿಗೆ ಲೆಕ್ಕವಾಗಿ ಕೊಡುತ್ತಿದ್ದೆ. ಮೈಲಿಗೆ ಮೂರು ನಿಮಿಷವಾದರೆ ಗಂಟೆಗೆ ಎಷ್ಟು ಮೈಲಿ? ಹುಡುಗರು ಸ್ಲೇಟು ಎತ್ತಿ ತೋರಿಸುತ್ತಿದ್ದರು.

ಭಾಯಿ ಮೊದಲು ಕಾಡಿನ ಕಡೆ, ಎನ್. ಬೇಗೂರಿನ ದಾರಿಯಲ್ಲಿ, ಮರದ ಲಾರಿ ಓಡಿಸಿದವರು. ಅಲ್ಲಿ ಕಂಡದ್ದನ್ನು ಹೇಳುತ್ತಿದ್ದರು.

“ಜಿಂಕೆ ಒಂದೇ ನೆಗೆತಕ್ಕೆ ಎಲ್ಲಿಗೋ ಹೋಯ್ತದೆ ಮೇಷ್ಟ್ರೇ. ಆದ್ರೆ ಒಂದು ಫರ್ಲಾಂಗ್ ಓಡಿ ನಿಂತ್ಕೊಂಡು ಏದುಸಿರು ಬಿಡ್ತದೆ. ಆನೆ ಓಡಲ್ಲ, ನಡೀತದೆ, ಆದ್ರೂ ನಾವು ಓಡಿದ್ರೆ ಅದರ ಕೈಗೆ ಸಿಕ್ಕಾಕೋತೀವಿ. ಒಂದೊಂದಕ್ಕೂ ಅದರ ಮೈಗೆ ತಕ್ಕ ಓಟ ಕೊಟ್ಟವ್ನೆ ದೇವರು.”

“ಮನುಷ್ಯನಿಗೆ?” ಎಂದು ಕೇಳಿದೆ.

“ಮನುಷ್ಯನ ಕಣ್ಣು ಎತ್ತಿನ ಗಾಡಿಗೆ ಸರಿಯಾಗಿದೆ ಕಣ್ರೀ. ಗಾಡಿ ಬರೋದು ನೋಡಿ ರಸ್ತೆ ದಾಟೋಕೆ ಮಗೂಗೂ ಬತ್ತದೆ. ಮೋಟಾರು ಬಂದು ಇನ್ನೂ ಎಷ್ಟು ದಿನ ಆಯ್ತು? ಜನದ ಕಣ್ಣಿಗೆ ಇನ್ನೂ ಅದರ ಲೆಕ್ಕ ಹತ್ತಿಲ್ಲ. ಅದಕ್ಕೇ ನಾನು ದಿನಾ ಒಂದೇ ಥರ ಓಡಿಸ್ತೀನಿ. ಕಂಡೂ ಕಂಡೂ ಅಭ್ಯಾಸ ಆಗ್ಲಿ ಅಂತ.”

ಇನ್ನೊಂದು ವಿಷಯವನ್ನೂ ಒಂದು ದಿನ ಹೇಳಿದ್ದರು. ಅವರ ತಂದೆ ತೀರಿಕೊಂಡಾಗ ಅವರು ಕಾಡಿನಲ್ಲಿದ್ದರು. ಸುದ್ದಿ ತಲುಪಿ, ಲಾರಿ ತಂದು ಬಿಟ್ಟು ಹುಣಸೂರು ಸೇರುವ ಹೊತ್ತಿಗೆ ಮಣ್ಣಾಗಿ ಮುಗಿದಿತ್ತು. ಮುಖ ನೋಡಲಾಗಲಿಲ್ಲ. ಅದನ್ನು ಹೇಳುವಾಗ ಅವರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ, ದನಿಯೂ ಬದಲಾಗಲಿಲ್ಲ. ಆದರೆ ಆಮೇಲೆ ಹುಣಸೂರು ಬರುವವರೆಗೆ ಒಂದು ಮಾತೂ ಆಡಲಿಲ್ಲ. ನಾನು ಇದನ್ನು ಬರೆಯುವುದಕ್ಕೆ ಕಾರಣವಿದೆ.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲು, ಬೇಸಿಗೆ ಇನ್ನೂ ಶುರುವಾಗುತ್ತಿದ್ದಾಗ, ಶಾಲೆಗೆ ತಂತಿ ಬಂತು. ಹುಣಸೂರಿನಿಂದ ನನ್ನ ಅಣ್ಣ ಕೊಟ್ಟದ್ದು. ಅಪ್ಪನಿಗೆ ಹೆಚ್ಚಾಗಿದೆ, ಕೂಡಲೇ ಹೊರಡು. ಅಪ್ಪ ಹುಣಸೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೊಲ ಗದ್ದೆ ನೋಡಿಕೊಂಡು ಇದ್ದವರು. ಎದೆನೋವು ಬಂದು ಹುಣಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ಹೆಡ್‌ಮೇಷ್ಟರಿಗೆ ಹೇಳಿ, ಕೈಗೆ ಸಿಕ್ಕಿದ ಎರಡು ಬಟ್ಟೆ ಚೀಲಕ್ಕೆ ತುರುಕಿಕೊಂಡು ಬಸ್ಸಿನ ಕಡೆ ಓಡಿದೆ. ಭಾಯಿ ಆಗಲೇ ಹೊರಡುವುದರಲ್ಲಿದ್ದರು. ನನ್ನ ಮುಖ ನೋಡಿ ಪಕ್ಕದ ಸೀಟಿನಲ್ಲಿ ಕೂತಿದ್ದ ಒಬ್ಬ ವ್ಯಾಪಾರಿಯನ್ನು ಹಿಂದಕ್ಕೆ ಕಳಿಸಿ ಜಾಗ ಮಾಡಿಕೊಟ್ಟರು.

ಊರು ದಾಟಿದ ಮೇಲೆ ಗಡಿಯಾರ ತೆಗೆದೆ. ಅದು ಅಭ್ಯಾಸ ಬಲ. ಮೊದಲ ಮೈಲಿಗೆ ಮೂರು ನಿಮಿಷ. ಎರಡನೆಯದಕ್ಕೂ ಮೂರು ನಿಮಿಷ. ನನಗೆ ಆ ಮೂರು ನಿಮಿಷ ತಡೆಯಲಾಗಲಿಲ್ಲ.

“ಭಾಯಿ, ಸ್ವಲ್ಪ ಬೇಗ ಹೋಗೋಕಾಗತ್ತಾ?”

“ಹೋಗೋಣ ಮೇಷ್ಟ್ರೇ,” ಎಂದರು. ಬಸ್ಸು ಸ್ವಲ್ಪ ಬಿರುಸಾಯಿತು. ಮುಂದಿನ ಮೈಲಿಗೆ ಎರಡೂವರೆ ನಿಮಿಷ ಹಿಡಿಯಿತು.

“ಇನ್ನೂ ಸ್ವಲ್ಪ.”

“ಜನ ಕೂತವ್ರೆ ಹಿಂದೆ. ರಸ್ತೇಲಿ ದನ ಕರ ಇರ್ತವೆ. ಇಷ್ಟು ಸಾಕು, ತಲುಪಿಸ್ತೀನಿ.”

ನಾನು ಗಡಿಯಾರವನ್ನೇ ನೋಡುತ್ತ ಕೂತೆ. ಅಪ್ಪ ಮಂಚದ ಮೇಲೆ ಬಾಗಿಲ ಕಡೆ ಮುಖ ಮಾಡಿ ಮಲಗಿರುವಂತೆ ಕಣ್ಣಿಗೆ ಕಟ್ಟುತ್ತಿತ್ತು. ಆಗ ಹೇಳಬಾರದ ಮಾತು ಹೇಳಿಬಿಟ್ಟೆ.

“ನಿಮ್ಮ ತಂದೆ ವಿಷಯದಲ್ಲಿ ನಿಮಗಾದ ಹಾಗೆ ನನಗೂ ಆಗಬಾರದು ಭಾಯಿ.”

ಅವರು ನನ್ನ ಕಡೆ ತಿರುಗಿ ನೋಡಿದರು. ಒಂದು ಗಳಿಗೆ, ಅಷ್ಟೇ. ಮತ್ತೆ ರಸ್ತೆ ನೋಡಿದರು. ಇಂಜಿನಿನ ಸದ್ದು ಬದಲಾಯಿತು. ಬಸ್ಸಿನ ತಗಡು ಗಡಗಡ ಎನ್ನತೊಡಗಿತು. ಹಿಂದಿನ ಸೀಟಿನಲ್ಲಿ ಯಾರೋ “ಏನಿವತ್ತು, ಸಾಬ್ರು ಕುದುರೆ ಕಟ್ಟವ್ರೆ,” ಎಂದು ನಕ್ಕರು. ಮುಂದಿನ ಮೈಲಿಗಲ್ಲು ಬಂದಾಗ ಗಡಿಯಾರ ನೋಡಿದೆ. ಒಂದು ಮುಕ್ಕಾಲು ನಿಮಿಷ. ಲೆಕ್ಕ ತಾನಾಗಿಯೇ ತಲೆಯಲ್ಲಿ ಆಯಿತು, ಗಂಟೆಗೆ ಮೂವತ್ತನಾಲ್ಕು ಮೈಲಿ. ನನಗೆ ಸಮಾಧಾನವಾಯಿತು. ಆ ಸಮಾಧಾನ ನನಗೆ ಇವತ್ತಿಗೂ ನೆನಪಿದೆ. ಮರೆಯಬೇಕೆಂದರೂ ಆಗುವುದಿಲ್ಲ.

ಹುಣಸೂರಿಗೆ ಇನ್ನೂ ಅರ್ಧ ದಾರಿ ಇತ್ತು. ಅಲ್ಲೊಂದು ಕಡೆ ರಸ್ತೆ ಸಣ್ಣ ಹಳ್ಳದ ಮೋರಿ ದಾಟಿ, ಸ್ವಲ್ಪ ನೆಟ್ಟಗೆ ಹೋಗಿ, ದೊಡ್ಡ ಹುಣಸೆಮರದ ಹತ್ತಿರ ಬಲಕ್ಕೆ ತಿರುಗುತ್ತದೆ. ತಿರುವಿನಾಚೆ ರಸ್ತೆ ರಿಪೇರಿ ನಡೆಯುತ್ತಿತ್ತು. ಎರಡು ಮೂರು ವಾರದಿಂದ ಕೂಲಿಗಳು ಅಲ್ಲೇ ಗುಡಿಸಲು ಹಾಕಿಕೊಂಡು ಕೆಲಸ ಮಾಡುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ವಿಷಯ. ದಾರಿಯ ಪಕ್ಕ ಜಲ್ಲಿಯ ಗುಡ್ಡೆ. ಹೆಂಗಸರು ಮಂಕರಿಯಲ್ಲಿ ತುಂಬಿ ಹೊತ್ತು ತಂದು ರಸ್ತೆಗೆ ಸುರಿಯುವರು, ಗಂಡಸರು ಹರಡುವರು. ಬಸ್ಸು ಬಂದಾಗ ಬದಿಗೆ ಸರಿದು ನಿಲ್ಲುವರು.

ತಿರುವು ದಾಟಿದಾಗ ರಸ್ತೆ ನಡುವೆ ಒಬ್ಬಳೇ ಒಬ್ಬ ಹೆಂಗಸು ಮಂಕರಿ ಬೋರಲು ಹಾಕುತ್ತಿದ್ದಳು. ಉಳಿದವರು ಬದಿಯಲ್ಲಿದ್ದರು. ಭಾಯಿ ಬ್ರೇಕಿನ ಮೇಲೆ ನಿಂತೇಬಿಟ್ಟರು. ಚಕ್ರ ನಿಂತವು, ಬಸ್ಸು ನಿಲ್ಲಲಿಲ್ಲ. ಹೊಸ ಜಲ್ಲಿಯ ಮೇಲೆ, ಚೆಲ್ಲಿದ ಕಾಳಿನ ಮೇಲೆ ಕಾಲಿಟ್ಟಂತೆ, ಜಾರಿಕೊಂಡೇ ಹೋಯಿತು. ಆ ಹೆಂಗಸು ತಲೆಯೆತ್ತಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಇಷ್ಟು ಬೇಗ ಹೇಗೆ ಬಂತು ಎಂಬ ಹಾಗೆ ನೋಡಿದಳು.

ಬಸ್ಸು ನಿಂತ ಮೇಲೆ ನಾನು ಇಳಿದೆ. ಅವಳಿಗೆ ಇಪ್ಪತ್ತೈದರೊಳಗಿನ ವಯಸ್ಸು. ಉಸಿರಿತ್ತು. ಅವಳ ಗಂಡ ಗುದ್ದಲಿ ಎಸೆದು ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಯಾರೂ ಭಾಯಿಯನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲರಿಗೂ ಅವರು ಗೊತ್ತಿದ್ದರು. ಅವಳನ್ನು ಬಸ್ಸಿಗೆ ಎತ್ತಿ ಸೀಟುಗಳ ನಡುವೆ ಕಂಬಳಿ ಹಾಸಿ ಮಲಗಿಸಿದೆವು. ಗಂಡ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

“ಬೇಗ ಓಡ್ಸಣ್ಣ,” ಎಂದ ಅವನು. “ಉಸ್ರು ಅದೆ. ಬೇಗ ಓಡ್ಸಣ್ಣ.”

ನಾನು ಆಡಿದ್ದ ಮಾತೇ ಅದು. ಭಾಯಿ ಬಸ್ಸು ಹೊರಡಿಸಿದರು. ಆದರೆ ಅವರ ಕಾಲು ಅವರ ಮಾತು ಕೇಳಲಿಲ್ಲ. ಬಸ್ಸು ಇಪ್ಪತ್ತು ಮೈಲಿಯ ಮೇಲೆ ಹೋಗಲೇ ಇಲ್ಲ. ಗಂಡ ಎರಡು ಮೂರು ಸಲ ಕೇಳಿಕೊಂಡ. ಹುಣಸೂರು ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಅವಳ ಉಸಿರು ನಿಂತಿತು. ಬೇಗ ತಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಅದು ನಿಜವೋ, ನಮ್ಮ ಮುಖ ನೋಡಿ ಹೇಳಿದ್ದೋ ಗೊತ್ತಿಲ್ಲ.

ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ನಮ್ಮ ಅಪ್ಪ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು.

“ಯಾಕ್ಲಾ ಮಗ ಅಂಗೆ ಬೆವ್ತಿದ್ದೀಯ?” ಎಂದರು. “ನಿಮ್ಮಣ್ಣಂಗೆ ಎಲ್ಲಾದ್ಕೂ ಗಾಬ್ರಿ. ತಂತಿ ಯಾಕ್ ಕೊಡ್ಬೇಕಿತ್ತು? ನಾಳೀಕ್ ಬಂದಿದ್ರೂ ಆಗೋದು ಬುಡು.”

ನಾನು ಅವರ ಕಾಲ ಹತ್ತಿರ ಕೂತೆ. ಅಂಗಿಯ ತೋಳಿನಲ್ಲಿ ರಕ್ತವಿತ್ತು. ಮಡಿಸಿಕೊಂಡೆ. ಅಪ್ಪ ಆಮೇಲೆ ನಾಲ್ಕು ವರ್ಷ ಬದುಕಿದರು. ಆ ನಾಲ್ಕು ವರ್ಷವೂ ನಾನು ಅವರ ಪಕ್ಕದಲ್ಲಿ ನೆಮ್ಮದಿಯಾಗಿ ಕೂತದ್ದಿಲ್ಲ. ಅವರಿಗೆ ಏನೂ ಗೊತ್ತಾಗಲಿಲ್ಲ.

ಮಾರನೆಯ ದಿನ ಪೊಲೀಸರು ಬಸ್ಸು ಜಾರಿದ ಗುರುತನ್ನು ಟೇಪು ಹಿಡಿದು ಅಳೆದರು. ಮುಂದೆ ಕೂತವನೆಂದು ನನ್ನನ್ನೂ ಕರೆದಿದ್ದರು. ಎಂಬತ್ತೈದು ಅಡಿ ಬಂತು. ಆ ಹೆಂಗಸು ನಿಂತಿದ್ದ ಜಾಗ ಗುರುತು ಶುರುವಾದಲ್ಲಿಂದ ಎಪ್ಪತ್ತು ಅಡಿ. ನಾನು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಬಾಯಿಪಾಠ ಮಾಡಿದ್ದ ಸೂತ್ರ ಆ ರಸ್ತೆಯ ಬದಿಯಲ್ಲಿ ನಿಂತಾಗ ನೆನಪಿಗೆ ಬಂತು. ಓಟ ಎರಡರಷ್ಟಾದರೆ, ನಿಲ್ಲುವುದಕ್ಕೆ ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಪರೀಕ್ಷೆಯಲ್ಲಿ ಅದನ್ನು ಸಾಧಿಸಿ ತೋರಿಸಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಮೂವತ್ತನಾಲ್ಕು ಮೈಲಿಯಲ್ಲಿ ಎಂಬತ್ತೈದು ಅಡಿಯಾದರೆ ಇಪ್ಪತ್ತು ಮೈಲಿಯಲ್ಲಿ ಮೂವತ್ತು ಅಡಿ. ಅವಳಿಗೂ ಬಸ್ಸಿಗೂ ನಡುವೆ ಇನ್ನೂ ನಲವತ್ತು ಅಡಿ ಜಾಗ ಉಳಿಯುತ್ತಿತ್ತು. ಅವಳು ಬುಟ್ಟಿ ಕೊಡವಿ, ನಿಧಾನವಾಗಿ ಬದಿಗೆ ಹೋಗಬಹುದಾಗಿತ್ತು. ಪೊಲೀಸಿನವನು ಟೇಪು ಸುತ್ತಿಕೊಳ್ಳುತ್ತಿದ್ದ. ನಾನು ಲೆಕ್ಕ ಮುಗಿಸಿ ನಿಂತಿದ್ದೆ.

ಮೊಕದ್ದಮೆ ಹುಣಸೂರಿನಲ್ಲಿ ನಡೆಯಿತು. ಸಾಕ್ಷಿಗಳಲ್ಲಿ ನಾನೂ ಒಬ್ಬ. ಹಿಂದಿನ ದಿನ ಸಂಜೆ ಭಾಯಿ ನಮ್ಮ ಅಣ್ಣನ ಮನೆಗೆ ಬಂದು ಜಗಲಿಯ ಮೇಲೆ ಕೂತರು. ನಾನೇ ಮೊದಲು ಮಾತೆತ್ತಿದೆ. ಬೇಗ ಓಡಿಸಿ ಎಂದು ಬಲವಂತ ಮಾಡಿದವನು ನಾನು, ನಾಳೆ ಅದನ್ನು ಹೇಳುತ್ತೇನೆ ಎಂದೆ.

“ಹೇಳಿದ್ರೆ ನನ್ನ ಬಿಡ್ತಾರಾ?” ಎಂದು ಕೇಳಿದರು.

ಉತ್ತರವನ್ನೂ ಅವರೇ ಕೊಟ್ಟರು.

“ಬಿಡಲ್ಲ. ಬಾಯಲ್ಲಿ ಹೇಳಿದ್ದು ನೀವು, ಆದ್ರೆ ಕಾಲು ನಂದಲ್ವಾ ಮೇಷ್ಟ್ರೇ? ನಿಮ್ಮದು ಸರ್ಕಾರಿ ಕೆಲಸ. ಸುಮ್ನೆ ಇಬ್ಬರು ಹೋಗೋದ್ಯಾಕೆ? ನಿಮ್ಮ ತಂದೆಯವರು ಇನ್ನೂ ಹಾಸಿಗೆ ಮೇಲೆ ಅವ್ರೆ. ನಾಳೆ ಏನೂ ಹೇಳ್ಬೇಡಿ. ಇದು ನಾನು ಕೇಳ್ಕೊತಾ ಇರೋದು.”

ಅವರು ಹಾಗೆ ಕೇಳಿಕೊಂಡರು, ಅದಕ್ಕೇ ನಾನು ಸುಮ್ಮನಾದೆ ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಅವರು ಬರದೇ ಇದ್ದಿದ್ದರೂ ನನಗೆ ಧೈರ್ಯ ಬರುತ್ತಿತ್ತೋ ಇಲ್ಲವೋ. ಮ್ಯಾಜಿಸ್ಟ್ರೇಟರು ಕೇಳಿದರು, ದಿನವೂ ನಿಧಾನವಾಗಿ ಓಡಿಸುವ ಈ ಮನುಷ್ಯ ಅವತ್ತು ಯಾಕೆ ಜೋರಾಗಿ ಓಡಿಸಿದ, ನಿಮಗೆ ಏನಾದರೂ ತಿಳಿದಿದೆಯೇ? “ತಿಳಿಯದು ಸ್ವಾಮಿ,” ಎಂದೆ. ಭಾಯಿ ನೆಲ ನೋಡುತ್ತಿದ್ದರು. ಅವರಿಗೆ ಆರು ತಿಂಗಳು ಸಜೆಯಾಯಿತು, ಲೈಸೆನ್ಸು ರದ್ದಾಯಿತು. ಕುಡಿದಿದ್ದನಂತೆ ಎಂದು ಜನ ಮಾತಾಡಿಕೊಂಡರು. ಹುಣಸೂರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನಾನೇ ಆ ಮಾತು ಕೇಳಿದ್ದೇನೆ. ಅಲ್ಲ ಎಂದು ಹೇಳಿ ಎದ್ದುಬಂದೆ. ಯಾಕೆ ಅಲ್ಲ ಎಂದು ಹೇಳಲಿಲ್ಲ.

ಭಾಯಿ ಜೈಲಿನಲ್ಲಿದ್ದಾಗ ನಾನು ಗಾವಡಗೆರೆಯ ಕಡೆಗೆ ಹೋದೆ. ತೀರಿಕೊಂಡ ಹೆಂಗಸಿನ ಗಂಡ ರಸ್ತೆ ಕೆಲಸ ಬಿಟ್ಟು ಅಲ್ಲಿನ ತನ್ನ ಹಳ್ಳಿಗೆ ವಾಪಸು ಹೋಗಿದ್ದ. ಯಾರದೋ ಹೊಲದಲ್ಲಿ ಹುರುಳಿ ಕೀಳುತ್ತಿದ್ದವನನ್ನು ಹುಡುಕಿ, ಬದುವಿನ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ತಂತಿ ಬಂದದ್ದು, ನಾನು ಆಡಿದ ಮಾತು, ಕೋರ್ಟಿನಲ್ಲಿ ಹೇಳಿದ ಸುಳ್ಳು. ಅವನು ಹುರುಳಿಯ ಒಂದು ಕಾಯಿ ಸುಲಿಯುತ್ತ ಕೇಳಿದ.

“ನಿಮ್ಮ ತಂದೆ ಉಳಿದ್ರಾ?” ಎಂದು ಕೇಳಿದ.

“ಉಳಿದರು.”

“ಒಳ್ಳೇದಾಯ್ತು ಬುಡಿ.”

ಅದರಲ್ಲಿ ಕೊಂಕೇನೂ ಇರಲಿಲ್ಲ. ಇನ್ನೊಂದು ಕಾಯಿ ಕಿತ್ತುಕೊಂಡು ಅವನೇ ಮಾತಾಡಿದ.

“ಜಲ್ಲಿ ಗುಡ್ಡೆ ಮ್ಯಾಲೆ ನಿಂತ್ರೆ ಅಳ್ಳದ ಮೋರಿ ಕಾಣ್ತಿತ್ತು ಸ್ವಾಮಿ. ಸಾಬ್ರ ಮೋಟ್ರು ಮೋರಿ ದಾಟ್ತು ಅಂದ್ರೆ ಇನ್ನೊಂದು ಮಂಕ್ರಿ ಸುರಿದು ಬರೋಷ್ಟು ಒತ್ತು ಐತೆ ಅಂತ ನಮ್ಮೋಳು ಲೆಕ್ಕ ಮಡಗಿದ್ಲು. ಬ್ಯಾರೆ ಮೋಟ್ರು ಬಂದ್ರೆ ಮುಂಚೇನೇ ಓಡಿ ಬರೋಳು. ಸಾಬ್ರದು ಅಂದ್ರೆ ಓಡ್ತಿರಲಿಲ್ಲ. ಅವತ್ತೂ ಮೋರಿ ತಾವ ಕಂಡ್ಲು. ಬಣ್ಣ ನೋಡಿ ಸಾಬ್ರದೇಯ ಅಂದ್ಲು. ಮಂಕ್ರಿ ಎತ್ಕೊಂಡೋದ್ಲು.”

ನಾನು ಬದುವಿನ ಮೇಲೆ ಕೂತೇ ಇದ್ದೆ. ಅವನು ಎದ್ದು ಕೆಲಸಕ್ಕೆ ಹೋದ. ನಾನು ಹೊರಟಾಗ ತಲೆಯಾಡಿಸಿದ.

ಆ ವರ್ಷ ಶಾಲೆಯಲ್ಲಿ ವೇಗದ ಪಾಠ ಬಂದಾಗ ನಾನು ಅದನ್ನು ಇನ್ನೊಬ್ಬ ಮೇಷ್ಟರಿಗೆ ಬಿಟ್ಟುಕೊಟ್ಟೆ. ಮರು ವರ್ಷ ಹಾಗೆ ಮಾಡಲಾಗಲಿಲ್ಲ. ಒಂದು ಹಲಗೆ ಓರೆಯಾಗಿ ನಿಲ್ಲಿಸಿ, ಕೆಳಗೆ ಗೋಣಿತಾಟು ಹಾಸಿ, ಮೇಲಿನಿಂದ ಗೋಲಿ ಬಿಟ್ಟು, ಗೋಣಿಯ ಮೇಲೆ ಅದು ಎಷ್ಟು ದೂರ ಉರುಳಿ ನಿಲ್ಲುತ್ತದೆ ಎಂದು ಹುಡುಗರ ಕೈಯಲ್ಲೇ ಅಳೆಸಿದೆ. ಹೆಚ್ಚು ಮೇಲಿನಿಂದ ಬಿಟ್ಟಷ್ಟೂ ದೂರ ಹೇಗೆ ಬೆಳೆಯುತ್ತದೆ ಎಂದು ಅವರೇ ಕಂಡುಕೊಂಡರು. ಸೂತ್ರವನ್ನು ಬಾಯಿಪಾಠ ಮಾಡಿಸಲಿಲ್ಲ.

ಭಾಯಿ ಬಿಡುಗಡೆಯಾಗಿ ಬಂದು ತಂದೆಯ ಕಸುಬಿಗೇ ಕೂತರು. ಲೈಸೆನ್ಸಿಗೆ ಮತ್ತೆ ಅರ್ಜಿ ಹಾಕಿ ಎಂದರೆ ಬೇಡ ಎನ್ನುತ್ತಿದ್ದರು. ನಾನು ಹುಣಸೂರಿಗೆ ಹೋದಾಗಲೆಲ್ಲ ಅವರ ಅಂಗಡಿಯಲ್ಲಿ ಒಂದು ಗಳಿಗೆ ಕೂರುತ್ತಿದ್ದೆ. ಅವರು ಕಬ್ಬಿಣದ ಪಟ್ಟಿ ಕಾಯಿಸಿ ಮರದ ಚಕ್ರಕ್ಕೆ ತೊಡಿಸುತ್ತಿದ್ದರು, ನೀರು ಹೊಯ್ದಾಗ ಹಬೆ ಏಳುತ್ತಿತ್ತು. ಹಳೆಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಒಂದು ಸಲ ಮಾತ್ರ ಅವರೇ ಕೇಳಿದರು.

“ಆ ಹೆಣ್ಣುಮಗಳ ಯಜಮಾನನ್ನ ನೋಡೋಕೆ ಹೋಗಿದ್ರಂತೆ. ಏನಂದ?”

“ಏನೂ ಅನ್ನಲಿಲ್ಲ ಭಾಯಿ,” ಎಂದೆ.

ಕೋರ್ಟಿನಲ್ಲಿ ಹೇಳಿದ್ದು ಒಂದು ಸುಳ್ಳು, ಇದು ಇನ್ನೊಂದು. ಇದಕ್ಕಾಗಿ ನಾನು ಪಶ್ಚಾತ್ತಾಪಪಟ್ಟಿಲ್ಲ.

ಯುದ್ಧದ ಕಾಲದಲ್ಲಿ ನನಗೆ ಕೃಷ್ಣರಾಜನಗರಕ್ಕೆ ವರ್ಗವಾಯಿತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು, ದಿಣ್ಣೆ ಬಂದರೆ ಇಳಿದು ತಳ್ಳಬೇಕಾಗುತ್ತಿತ್ತು. ಹುಣಸೂರಿಗೆ ಹೋಗುವುದು ಕಡಿಮೆಯಾಯಿತು. ಒಂದು ದಿನ ಅಣ್ಣನ ಕಾರ್ಡು ಬಂತು. ಭಾಯಿ ಜ್ವರ ಬಂದು ಹದಿನೈದು ದಿನ ಮಲಗಿದ್ದರು, ಮೊನ್ನೆ ತೀರಿಕೊಂಡರು ಎಂದು ಬರೆದಿದ್ದ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅವರ ಮನೆಯಲ್ಲಿ ಅವರ ಭಾಮೈದುನ ನನ್ನನ್ನು ಚಾಪೆ ಹಾಕಿ ಕೂರಿಸಿದ. ಭಾಯಿಯ ಹೆಂಡತಿ ಒಳಬಾಗಿಲ ಪರದೆಯ ಹಿಂದೆ ಕೂತಿದ್ದರು. ನಾನು ಅವರ ಮುಖ ಯಾವತ್ತೂ ನೋಡಿದವನಲ್ಲ. ಕಾಯಿಲೆಯ ವಿಷಯ, ಕೊನೆಯ ದಿನಗಳ ವಿಷಯ ಅವರೇ ಹೇಳಿದರು. ಆಮೇಲೆ ಕೇಳಿದರು.

“ನೀವು ಅವತ್ತು ಅವರ ಪಕ್ಕದಲ್ಲೇ ಕೂತಿದ್ರಂತಲ್ಲ ಮೇಷ್ಟ್ರೇ. ಅವರು ಕುಡಿದಿದ್ರಾ?”

“ಇಲ್ಲಮ್ಮ.”

“ಊರೆಲ್ಲ ಅಂಗೇ ಅಂದ್ರು. ಕುಡಿಯೋರಲ್ಲ ಅಂತ ನಂಗೆ ಗೊತ್ತು. ಆದ್ರೂ ಮತ್ತೆ ಯಾಕೆ ಅಂಗೆ ಓಡಿಸಿದ್ರು? ಎಷ್ಟೋ ಸಲ ಕೇಳ್ದೆ. ನಂದೇ ತಪ್ಪು ಅಂತ ಹೇಳಿ ಎದ್ದು ಹೋಗ್ಬಿಡೋರು. ಕೇಳೀ ಕೇಳೀ ನಂಗೂ ಸಾಕಾಯ್ತು. ಒಂದೊಂದ್ಸಲ ನಾನೂ ಅಂದ್ಕೊಂಡೆ, ಕುಡಿದಿದ್ರೇನೋ, ಅದಕ್ಕೇ ಬಾಯಿ ಬಿಡ್ತಿಲ್ಲ ಅಂತ.”

ನಾನು ಹೇಳಿದೆ. ಅವತ್ತು ಹೊಲದ ಬದುವಿನ ಮೇಲೆ ಹೇಳಿದ ಹಾಗೆಯೇ, ಒಂದೂ ಬಿಡದೆ. ಭಾಯಿಯ ತಂದೆಯ ಸಾವನ್ನು ನೆನಪಿಸಿ ಬಲವಂತ ಮಾಡಿದೆ ಎಂಬುದನ್ನೂ ಹೇಳಿದೆ. ಭಾಮೈದುನ ನನ್ನ ಮುಖ ನೋಡುತ್ತಿದ್ದವನು ಎದ್ದು ಬೀದಿಗೆ ಹೋದ. ಪರದೆಯ ಹಿಂದೆ ಅವರು ಅಳುತ್ತಿದ್ದಾರೆಂದು ತಿಳಿಯಿತು.

“ಅವತ್ತೇ ಬಂದು ಒಂದು ಮಾತು ನಂಗೆ ಹೇಳಿದ್ರೆ ಸಾಕಾಗಿತ್ತು,” ಎಂದರು. “ಕೋರ್ಟಿಗೆ ಬೇಡ, ಊರಿಗೆ ಬೇಡ. ನಂಗೆ ಹೇಳಿದ್ರೆ ಸಾಕಾಗಿತ್ತು. ಇಷ್ಟು ವರ್ಷ ಅವರ ಜೊತೆ ನಾನು ನೆಟ್ಟಗೆ ಮಾತಾದ್ರೂ ಆಡ್ತಿದ್ದೆ.”

ಎದ್ದು ಹೋಗುವುದಕ್ಕೂ ಆಗದೆ ಚಾಪೆಯ ಮೇಲೆ ಕೂತೇ ಇದ್ದೆ. ಒಂದಷ್ಟು ಹೊತ್ತಾದ ಮೇಲೆ ಪರದೆಯ ಕೆಳಗಿನಿಂದ ಒಂದು ಲೋಟ ಚಹಾ ಮುಂದಕ್ಕೆ ಬಂತು. ಅದನ್ನು ಕುಡಿದು, ಲೋಟವನ್ನು ಹೊಸ್ತಿಲ ಹತ್ತಿರ ಇಟ್ಟು, ಬರುತ್ತೇನಮ್ಮ ಎಂದೆ. ಅವರು ಹೂಂ ಎಂದರು.